ಗ್ಲಾಂಡುಲರ್ ಫೀವರ್ ಬಂದಿದೆ, ಟಿ ಕೋಶ ಹೆಚ್ಚಿಸಿಕೊಳ್ಳಲು ಏನು ತಿನ್ನಬೇಕು?

ಏನೂ ಬೇಡ. ಗ್ಲಾಂಡುಲರ್ ಫೀವರ್ ಎಂಜಲಿನಿಂದ ಹರಡುವ ಒಂದು ವೈರಸ್ ಜ್ವರ, ಟಿ ಕೋಶ ಅಂದರೆ ಸೋಂಕಿನ ಜೊತೆ ಹೋರಾಡುವ ಒಂದು ಜಾತಿಯ ಬಿಳಿ ರಕ್ತಕಣ. ನಿಮ್ಮ ಟಿ ಕೋಶಗಳು ಕಡಿಮೆ ಆಗಿಲ್ಲ, ಈಗ ನಿಮ್ಮ ರಕ್ತದಲ್ಲಿ ಅವುಗಳದ್ದೇ ದರ್ಬಾರು.

ನಿಮಗೆ 21 ವರ್ಷ, ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದೀರಿ, ರಿಪೋರ್ಟಿನಲ್ಲಿ ಲಿಂಫೋಸೈಟ್ (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳ ಗುಂಪು) ಶೇ 60 ದಾಟಿದೆ. ಹಾಗಾಗಿ ಇಮ್ಯುನಿಟಿ ವೀಕ್ ಆಗಿರಬೇಕು, ಅಮ್ಮ ಹೇಳಿದ ಅಮೃತಬಳ್ಳಿ ಕಷಾಯ ಕುಡಿದು ಟಿ ಕೋಶ ಬೂಸ್ಟ್ ಮಾಡಿಕೊಂಡರೆ ಎರಡು ವಾರದಲ್ಲಿ ಫುಟ್‌ಬಾಲ್ ಮ್ಯಾಚ್ ಆಡಬಹುದು ಅನ್ನುವುದು ನಿಮ್ಮ ಲೆಕ್ಕ. ಈ ಲೆಕ್ಕವೇ ತಲೆಕೆಳಗಾಗಿದೆ. ನನಗೂ ಇದೇ ವಯಸ್ಸಿನಲ್ಲಿ, ಇದೇ ದೇಶದಲ್ಲಿ, ಇದೇ ಕಾಯಿಲೆ ಬಂದಿತ್ತು, ನಾನೂ ಹೀಗೇ ಯೋಚಿಸಿದ್ದೆ.

ನಾನು ಲೀಡ್ಸ್‌ನಲ್ಲಿ ಎಂಎಸ್ಸಿ ಮಾಡುತ್ತಿದ್ದೆ. ಚಳಿಗಾಲ. ಐದು ಜನ ಸೇರಿ ಹಿಡಿದ ಬಾಡಿಗೆ ಮನೆ, ಒಂದೇ ಅಡುಗೆಮನೆ, ಯಾರ ಲೋಟ ಯಾರ ಕೈಲೋ. ಮೊದಲು ಬರೀ ಸುಸ್ತು ಇತ್ತು. ಆಮೇಲೆ ಜ್ವರ, ಗಂಟಲು. ಗಂಟಲು ನೋವು ಅಂದರೆ ನಮಗೆ ಗೊತ್ತಿರುವ ಗಂಟಲು ನೋವಲ್ಲ, ಎಂಜಲು ನುಂಗಲೂ ಧೈರ್ಯ ತಂದುಕೊಳ್ಳಬೇಕಿತ್ತು. ಮೊಬೈಲ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಎರಡೂ ಟಾನ್ಸಿಲ್ ಊದಿಕೊಂಡು ನಡುವೆ ಕಿರುಬೆರಳಿನಷ್ಟು ಸಂದು ಉಳಿದಿತ್ತು, ಮೇಲೆಲ್ಲ ಬೂದು ಬಿಳಿ ಪದರ. ಬೆಳಗ್ಗೆ ಏಳುವಾಗ ಕಣ್ಣಿನ ರೆಪ್ಪೆ ದಪ್ಪಗಾಗಿರುತ್ತಿತ್ತು. ಕಿವಿಯ ಹಿಂದಿನಿಂದ ಕತ್ತಿನ ಹಿಂಭಾಗದವರೆಗೆ ಕೈ ಆಡಿಸಿದರೆ ಗಂಟು ಗಂಟು.

ಆಗ ನಾನು ಮಾಡಿದ ಒಂದು ಕೆಲಸವನ್ನು ಉದ್ದಕ್ಕೆ ಹೇಳಲೇಬೇಕು, ಯಾಕೆಂದರೆ ಆ ಕೆಲಸಕ್ಕೆ ಬೇಕಾದ ಸಾಮಾನು ನಿಮ್ಮ ಸೂಟ್‌ಕೇಸಿನಲ್ಲೂ ಇರುವ ಸಾಧ್ಯತೆ ಜಾಸ್ತಿ. ಊರಿಂದ ಹೊರಡುವಾಗ ಅಮ್ಮ ಒಂದು ಮಾತ್ರೆ ಡಬ್ಬ ತುಂಬಿ ಕಳಿಸಿದ್ದರು. ಪ್ಯಾರಸಿಟಮಾಲ್, ಓಆರ್‌ಎಸ್, ಹೊಟ್ಟೆ ಕೆಟ್ಟರೆ ಬೇಕಾಗುವುದು, ಜೊತೆಗೆ ಅಮಾಕ್ಸಿಸಿಲಿನ್, ಪೆನಿಸಿಲಿನ್ ಜಾತಿಯ ಒಂದು ಆಂಟಿಬಯೋಟಿಕ್. ದಾವಣಗೆರೆಯಲ್ಲಿ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಕತ್ತರಿಯಿಂದ ಕತ್ತರಿಸಿ ಕೊಟ್ಟ ಸ್ಟ್ರಿಪ್ ಅದು. ಹೆಸರಿನ ಅರ್ಧ ಆ ಕಡೆಯ ತುಂಡಿನಲ್ಲೇ ಉಳಿದಿತ್ತು, '500' ಅನ್ನುವುದು ಮಾತ್ರ ಪೂರ್ತಿ ಓದಲು ಬರುತ್ತಿತ್ತು. ಚಿಕ್ಕಂದಿನಿಂದ ಗಂಟಲು ನೋವಿಗೆ ನಮ್ಮ ಮನೆಯಲ್ಲಿ ಅದೇ ಮಾತ್ರೆ, ಮೂರು ದಿನಕ್ಕೆ ವಾಸಿ. ಟಾನ್ಸಿಲ್ ಮೇಲೆ ಬಿಳಿ ಪದರ ಕಂಡಿದ್ದರಿಂದ ಬ್ಯಾಕ್ಟೀರಿಯಾವೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿದೆ. ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಅಪಾಯಿಂಟ್‌ಮೆಂಟ್ ಸಿಗಲು ಕಾಯಬೇಕು, ಕೈಯಲ್ಲೇ ಮಾತ್ರೆ ಇರುವಾಗ ಯಾಕೆ ಕಾಯುವುದು? ನುಂಗಿದೆ.

ಕೆಲವು ದಿನ ಕಳೆದ ಮೇಲೆ ಸ್ನಾನಕ್ಕೆ ಹೋದವನು ಎದೆ ನೋಡಿಕೊಂಡೆ. ಕೆಂಪು ಚುಕ್ಕೆಗಳು, ಒಂದಕ್ಕೊಂದು ಕೂಡಿಕೊಂಡಿವೆ. ಸಂಜೆಯೊಳಗೆ ಬೆನ್ನು, ಹೊಟ್ಟೆ, ತೋಳು. ಮರುದಿನ ಮುಖ. ತುರಿಕೆ ಹೇಳತೀರದು. ವಿಡಿಯೋ ಕಾಲ್‌ನಲ್ಲಿ ನೋಡಿ ಅಪ್ಪ 'ಅಮ್ಮ ಬಂದಿದ್ದಾಳೆ', ಅಂದರೆ ಚಿಕನ್‌ಪಾಕ್ಸ್, ಅಂದುಬಿಟ್ಟರು. ಜಿಪಿ ಹಾಗೆ ಗಾಬರಿ ಆಗಲಿಲ್ಲ. ಗಂಟಲು ನೋಡಿದರು, ಕತ್ತು ಮುಟ್ಟಿದರು, 'ಯಾವುದಾದರೂ ಪೆನಿಸಿಲಿನ್ ತೆಗೆದುಕೊಂಡೆಯಾ' ಅಂತ ಮೊದಲ ಪ್ರಶ್ನೆ ಕೇಳಿದರು.

ಈ ದದ್ದಿನ ವಿಷಯ ವೈದ್ಯರಿಗೆ 1960ರ ದಶಕದಿಂದ ಗೊತ್ತಿದೆ. ಗ್ಲಾಂಡುಲರ್ ಫೀವರ್ ಇರುವಾಗ ಅಮಾಕ್ಸಿಸಿಲಿನ್ನಿನ ಹತ್ತಿರದ ಸಂಬಂಧಿ ಆಂಪಿಸಿಲಿನ್ ಕೊಟ್ಟರೆ ಬಹುಪಾಲು ರೋಗಿಗಳಿಗೆ ಮೈ ತುಂಬ ದದ್ದು ಏಳುತ್ತದೆ ಅಂತ ಆಗಿನ ವರದಿಗಳು ಹೇಳಿದ್ದವು. ಈಚಿನ ಅಧ್ಯಯನಗಳಲ್ಲಿ ಅಮಾಕ್ಸಿಸಿಲಿನ್ ತೆಗೆದುಕೊಂಡವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಬರುತ್ತದೆ. ಬ್ರಿಟನ್ನಿನಲ್ಲಿ ಗಂಟಲು ನೋವಿಗೆ ಆಂಟಿಬಯೋಟಿಕ್ ಬೇಕೇಬೇಕು ಅನ್ನಿಸಿದರೂ ಡಾಕ್ಟರುಗಳು ಅಮಾಕ್ಸಿಸಿಲಿನ್ ಬಿಟ್ಟು ಪೆನಿಸಿಲಿನ್ ವಿ ಬರೆಯುವುದಕ್ಕೆ ಇದೂ ಒಂದು ಕಾರಣ. ಇನ್ನು ಆ ಮಾತ್ರೆಯಿಂದ ನನಗೆ ಲಾಭ ಏನಾಯಿತು ಅಂದರೆ ಸೊನ್ನೆ. ಈ ಕಾಯಿಲೆ ತರುವುದು ಎಪ್‌ಸ್ಟೀನ್-ಬಾರ್ ವೈರಸ್. ವೈರಸ್ಸಿಗೆ ಅಮಾಕ್ಸಿಸಿಲಿನ್ ಏನೂ ಮಾಡುವುದಿಲ್ಲ.

ದದ್ದು ಹೋಯಿತು. ನಷ್ಟ ಆಗಿದ್ದು ಆಮೇಲೆ. ನನ್ನ ದಾಖಲೆಯಲ್ಲಿ 'ಪೆನಿಸಿಲಿನ್ ಅಲರ್ಜಿ' ಅಂತ ಸೇರಿಕೊಂಡಿತು, ನಾನೂ ಅದನ್ನು ನಂಬಿ ಹೋದಲ್ಲೆಲ್ಲ ಹಾಗೇ ಹೇಳುತ್ತಾ ಬಂದೆ. ಬೆಂಗಳೂರಿಗೆ ವಾಪಸ್ ಬಂದು ವರ್ಷಗಳಾದ ಮೇಲೆ ಹಲ್ಲಿನ ಬುಡದಲ್ಲಿ ಕೀವು ತುಂಬಿ ದವಡೆ ಊದಿತು. ಸುಲಭವಾಗಿ ಕೆಲಸ ಮಾಡುವ ಔಷಧಿ ಅಮಾಕ್ಸಿಸಿಲಿನ್ನೇ, ಆದರೆ ನಾನು ಅಲರ್ಜಿ ಅಂದೆ, ಹಲ್ಲಿನ ಡಾಕ್ಟರು ಕ್ಲಿಂಡಮೈಸಿನ್ ಅನ್ನುವ ಬೇರೆ ಆಂಟಿಬಯೋಟಿಕ್ ಕೊಟ್ಟರು. ಹಲ್ಲು ವಾಸಿಯಾಯಿತು, ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದೆ. ಆಗ ನೋಡಿದ ಫಿಸಿಶಿಯನ್ ಹಳೆ ಕಥೆಯನ್ನೆಲ್ಲ ಕೇಳಿ ಅಲರ್ಜಿ ತಜ್ಞರ ಹತ್ತಿರ ಕಳಿಸಿದರು. ಅಲ್ಲಿ ಪರೀಕ್ಷೆ ಮಾಡಿ, ಆಮೇಲೆ ಅವರ ಕಣ್ಣೆದುರೇ ಸ್ವಲ್ಪ ಸ್ವಲ್ಪ ಮಾತ್ರೆ ಕೊಟ್ಟು ಗಂಟೆಗಟ್ಟಲೆ ಕೂರಿಸಿಕೊಂಡು ನೋಡಿದರು. ಅಲರ್ಜಿ ಇರಲೇ ಇಲ್ಲ. ಪೆನಿಸಿಲಿನ್ ಅಲರ್ಜಿ ಅನ್ನುವ ಹಣೆಪಟ್ಟಿ ಹೊತ್ತವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಪರೀಕ್ಷೆ ಮಾಡಿದಾಗ ಅಲರ್ಜಿ ಸಿಗುವುದಿಲ್ಲವಂತೆ. ಇದನ್ನು ಮನೆಯಲ್ಲಿ ನೀವೇ ಪರೀಕ್ಷಿಸಲು ಹೋಗಬೇಡಿ. ಕೆಲವರಿಗೆ ನಿಜವಾದ ಅಲರ್ಜಿಯೂ ಇರುತ್ತದೆ.

ಒಂದು ಸ್ಟ್ರಿಪ್ ಮಾತ್ರೆಗೆ ಇಷ್ಟು ಹೇಳಬೇಕಾ ಅನ್ನಿಸಬಹುದು. ಹೇಳಬೇಕು. 'ಮೈಗೆ ಶಕ್ತಿ ಸಾಲುತ್ತಿಲ್ಲ, ಹೊರಗಿನಿಂದ ಏನಾದರೂ ಹಾಕಿ ಸಹಾಯ ಮಾಡಬೇಕು' ಅನ್ನುವ ಯೋಚನೆಯಿಂದಲೇ ನಾನು ಆ ಮಾತ್ರೆ ನುಂಗಿದ್ದು. ನೀವು ಈಗ ಕಷಾಯದ ಹೆಸರಿನಲ್ಲಿ ಕೇಳುತ್ತಿರುವುದೂ ಅದನ್ನೇ.

ಈಗ ನಿಮ್ಮ ಟಿ ಕೋಶಗಳಿಗೆ ಬರೋಣ. ಎಂಜಲಿನ ಮೂಲಕ ಬರುವ ಈ ವೈರಸ್ ಟಾನ್ಸಿಲ್ ಹತ್ತಿರ ಬಿ ಕೋಶಗಳೊಳಗೆ ಸೇರಿಕೊಳ್ಳುತ್ತದೆ. ಬಿ ಕೋಶ ಅಂದರೆ ಆಂಟಿಬಾಡಿ ಮಾಡುವ ಬಿಳಿ ರಕ್ತಕಣ. ವೈರಸ್ ಹೊಕ್ಕ ಬಿ ಕೋಶಗಳು ಸುಮ್ನೆ ಕೂರುವುದಿಲ್ಲ, ದುಪ್ಪಟ್ಟು ದುಪ್ಪಟ್ಟಾಗಿ ಬೆಳೆಯುತ್ತವೆ. ಹೀಗೆ ಸುಮಾರು ನಾಲ್ಕರಿಂದ ಆರು ವಾರ ನಡೆಯುತ್ತದೆ, ಅಷ್ಟು ದಿನವೂ ನಿಮಗೆ ಏನೂ ಗೊತ್ತಾಗುವುದಿಲ್ಲ. ಕ್ಲಾಸಿಗೆ ಹೋಗುತ್ತೀರಿ, ಆಟ ಆಡುತ್ತೀರಿ. ವೈರಸ್ಸೇ ನೇರವಾಗಿ ಜ್ವರ ತರುವುದಾಗಿದ್ದರೆ ಆಗಲೇ ಬರಬೇಕಿತ್ತು ಅಲ್ವಾ?

ಜ್ವರ ಬರುವುದು ಟಿ ಕೋಶಗಳು ಎದ್ದಾಗ. ವೈರಸ್ ಸೇರಿದ ಬಿ ಕೋಶ ತನ್ನೊಳಗಿನ ವೈರಸ್ ಪ್ರೋಟೀನಿನ ಚೂರುಗಳನ್ನು ತನ್ನ ಹೊರಮೈ ಮೇಲೆ ಎತ್ತಿ ತೋರಿಸುತ್ತದೆ. ಸಿಡಿ8 ಅನ್ನುವ ಜಾತಿಯ ಟಿ ಕೋಶಗಳಲ್ಲಿ ಆ ಚೂರನ್ನು ಗುರುತು ಹಿಡಿಯಬಲ್ಲವು ಮೊದಲು ತೀರಾ ಕೆಲವೇ ಇರುತ್ತವೆ. ಗುರುತು ಹಿಡಿದ ಮೇಲೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಹುಚ್ಚೆದ್ದು ಬೆಳೆಯುತ್ತವೆ. ಬಿ ಕೋಶಕ್ಕೆ ಅಂಟಿಕೊಂಡು ಪರ್ಫೊರಿನ್ ಅನ್ನುವ ಪ್ರೋಟೀನಿನಿಂದ ಅದರ ಪೊರೆ ತೂತು ಮಾಡಿ, ಗ್ರಾನ್‌ಜೈಮ್ ಒಳಗೆ ಬಿಟ್ಟು ಅದನ್ನು ಸಾಯಿಸುತ್ತವೆ. ಈ ಕೆಲಸ ಮಾಡುತ್ತಾ ಇಂಟರ್‌ಫೆರಾನ್ ಗಾಮಾ ಥರದ ಸಂದೇಶದ ರಾಸಾಯನಿಕಗಳನ್ನು ಧಾರಾಳವಾಗಿ ಸುರಿಯುತ್ತವೆ. ನಿಮ್ಮ ಜ್ವರ, ಮೈಕೈ ನೋವು, ಎದ್ದು ಕೂರಲೂ ಆಗದ ಆ ಸುಸ್ತು ಹುಟ್ಟುವುದು ಇದರಿಂದಲೇ. ಕತ್ತಿನ ಗಂಟು ಊದುವುದು ಅಲ್ಲಿ ಈ ಕೋಶಗಳು ತುಂಬಿಕೊಂಡು ಬೆಳೆಯುವುದರಿಂದ.

ನಿಮ್ಮ ರಿಪೋರ್ಟಿನಲ್ಲಿ 'ಎಟಿಪಿಕಲ್ ಲಿಂಫೋಸೈಟ್' (ಮಾಮೂಲಿನಂತಿಲ್ಲದ ಲಿಂಫೋಸೈಟ್) ಅಂತ ಒಂದು ಸಾಲು ಇರಬಹುದು, ನೋಡಿ. ನನಗೆ ಆ ಸಾಲು ಓದಿ ಕ್ಯಾನ್ಸರ್ ಇರಬಹುದಾ ಅಂತ ನಿದ್ದೆ ಹಾರಿಹೋಗಿತ್ತು. ನಮ್ಮ ಮನೆಯಲ್ಲೇ ಇದ್ದ ಬಯೋಮೆಡಿಕಲ್ ಓದುವ ಹುಡುಗಿಯೊಬ್ಬಳು ಕ್ಲಾಸಿನಲ್ಲಿ ಕೊಟ್ಟಿದ್ದ ಸ್ಲೈಡಿನ ಚಿತ್ರಗಳನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಮಾಮೂಲಿ ಲಿಂಫೋಸೈಟ್ ಅಂದರೆ ಚಿಕ್ಕದು, ಗುಂಡಗಿರುತ್ತದೆ, ಒಳಗೆಲ್ಲ ದಟ್ಟ ನೇರಳೆ ಬಣ್ಣ, ಅಂಚಿನಲ್ಲಿ ಗೆರೆಯಷ್ಟು ನೀಲಿ. ಇದು ಅದರ ಎರಡು ಪಟ್ಟು ದೊಡ್ಡದು. ಸುತ್ತ ಅಗಲವಾದ ತಿಳಿನೀಲಿ ಭಾಗ, ಪಕ್ಕದಲ್ಲಿ ಕೆಂಪು ರಕ್ತಕಣ ಇದ್ದರೆ ಅದರ ಸುತ್ತ ಬಾಗಿ ತಬ್ಬಿಕೊಂಡ ಹಾಗೆ ಕೂತಿರುತ್ತದೆ, ತಬ್ಬಿದ ಅಂಚಿನಲ್ಲಿ ಮಾತ್ರ ನೀಲಿ ಗಾಢ. 'ಇದು ವೈರಸ್ ಹಿಡಿದ ಕೋಶ ಅಂದುಕೊಂಡಿದ್ದೀಯ ಅಲ್ವಾ, ಅಲ್ಲ, ಇದು ಕೆಲಸದಲ್ಲಿರುವ ಟಿ ಕೋಶ' ಅಂದಳು. ಆ ಮಾತು ಕೇಳಿದ ಮೇಲೆಯೇ ನನಗೆ ನನ್ನ ಕಾಯಿಲೆ ಅರ್ಥವಾಗಿದ್ದು. ಈ ಕೋಶಗಳನ್ನು ಡೌನಿ ಮತ್ತು ಮೆಕಿನ್ಲೆ 1923ರಲ್ಲೇ ವಿವರವಾಗಿ ವರ್ಣಿಸಿದ್ದರು. ವೈರಸ್ ಸಿಕ್ಕಿದ್ದು 1964ರಲ್ಲಿ, ಅದೂ ಉಗಾಂಡದ ಮಕ್ಕಳಿಗೆ ಬರುತ್ತಿದ್ದ ಒಂದು ಗೆಡ್ಡೆಯಲ್ಲಿ. ಆ ವೈರಸ್ಸಿಗೂ ಈ ಜ್ವರಕ್ಕೂ ಸಂಬಂಧ ಇದೆ ಅಂತ ಫಿಲಡೆಲ್ಫಿಯಾದ ಹೆನ್ಲೆ ದಂಪತಿ 1968ರಲ್ಲಿ ತೋರಿಸಿದರು. ಅವರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಗೇ ಈ ಕಾಯಿಲೆ ಬಂದಿತ್ತು, ಮೊದಲು ಅವಳ ರಕ್ತದಲ್ಲಿ ಇಲ್ಲದಿದ್ದ ಆಂಟಿಬಾಡಿ ಆಮೇಲೆ ಕಾಣಿಸಿಕೊಂಡಿತ್ತು.

ಟಿ ಕೋಶಗಳು ಎಷ್ಟು ಬೆಳೆಯುತ್ತವೆ ಅನ್ನುವುದನ್ನು 1998ರಲ್ಲಿ ಆಕ್ಸ್‌ಫರ್ಡಿನ ತಂಡವೊಂದು ಎಣಿಸಿ ನೋಡಿತು. ರೋಗಿಗಳ ರಕ್ತದ ಒಟ್ಟು ಸಿಡಿ8 ಕೋಶಗಳಲ್ಲಿ ಶೇ 44ರವರೆಗಿನ ಭಾಗ ವೈರಸ್ಸಿನ ಒಂದೇ ಒಂದು ಪ್ರೋಟೀನ್ ಚೂರನ್ನು ಗುರುತಿಸುವವೇ ಆಗಿದ್ದವು. ಒಂದು ಚೂರಿಗೆ ಇಷ್ಟು! ಇದು ವೀಕ್ ಇಮ್ಯುನಿಟಿ ಅಂದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಅಧ್ಯಯನ ನನಗೆ ಇದಕ್ಕಿಂತ ಇಷ್ಟ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಪುಟ್ಟ ಮಕ್ಕಳಿಗೆ ಇದೇ ವೈರಸ್ ಹೊಸದಾಗಿ ತಗುಲಿದಾಗ ಅವರ ರಕ್ತ ನೋಡಿದರು, 2015ರಲ್ಲಿ ಪ್ರಕಟವಾಯಿತು. ಆ ಮಕ್ಕಳಿಗೆ ಜ್ವರವಿಲ್ಲ, ಗಂಟಲಿಲ್ಲ, ಏನೂ ಇಲ್ಲ. ಆದರೆ ರಕ್ತದಲ್ಲಿ ವೈರಸ್ ಪ್ರಮಾಣ ಮಾತ್ರ ಜೋರಾಗಿಯೇ ಇತ್ತು. ವೈರಸ್ಸನ್ನು ಗುರುತಿಸುವ ಟಿ ಕೋಶಗಳೂ ಬೆಳೆದಿದ್ದವು. ಇಲ್ಲದಿದ್ದದ್ದು ಒಂದೇ, ನಿಮ್ಮಲ್ಲಿ ನನ್ನಲ್ಲಿ ಆದ ಹಾಗೆ ಒಟ್ಟು ಸಿಡಿ8 ಸಂಖ್ಯೆ ಮಿತಿಮೀರಿ ಏರುವುದು. ಅಮೆರಿಕದ ಮಿನೆಸೋಟಾದಲ್ಲಿ ಕಾಲೇಜು ಹುಡುಗರನ್ನು ಮೊದಲಿನಿಂದ ಗಮನಿಸುತ್ತಾ ಬಂದವರೂ ರಕ್ತದಲ್ಲಿ ವೈರಸ್ ಮತ್ತು ಸಿಡಿ8 ಎರಡೂ ಜಾಸ್ತಿ ಇದ್ದವರಿಗೆ ಕಾಯಿಲೆಯೂ ಜಾಸ್ತಿ ಅಂತ ಕಂಡರು.

ನಮ್ಮ ಊರುಗಳಲ್ಲಿ ಈ ಜ್ವರದ ಹೆಸರು ಅಷ್ಟು ಕೇಳದಿರುವುದೂ ಇದಕ್ಕೇ. ಒಂದೇ ತಟ್ಟೆಯಲ್ಲಿ ಉಂಡು, ಅಜ್ಜಿ ಬಾಯಲ್ಲಿ ಮೆತ್ತಗೆ ಮಾಡಿ ಕೊಟ್ಟ ತುತ್ತು ತಿಂದು ಬೆಳೆದ ಬಹುತೇಕ ಮಕ್ಕಳಿಗೆ ಮೂರು ನಾಲ್ಕು ವರ್ಷದೊಳಗೆ ಇದು ಸದ್ದಿಲ್ಲದೆ ಬಂದು ಹೋಗಿರುತ್ತದೆ. ಪ್ರಪಂಚದ ದೊಡ್ಡವರಲ್ಲಿ ಶೇ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಈ ವೈರಸ್ ಇದೆ. ಹಾಗೆ ತಪ್ಪಿಸಿಕೊಂಡು ಹದಿಹರೆಯ ದಾಟಿದ ನಮ್ಮಂಥವರಿಗೆ ಹಾಸ್ಟೆಲ್ಲಿನಲ್ಲಿ ಸಿಕ್ಕಿಬಿದ್ದಾಗ ಈ ಅವತಾರ.

ಹಾಗಾದರೆ ಟಿ ಕೋಶ ಇಲ್ಲದಿದ್ದರೇ ಒಳ್ಳೆಯದಾ? ಖಂಡಿತ ಅಲ್ಲ. ಕಿಡ್ನಿಯನ್ನೋ ಬೋನ್ ಮ್ಯಾರೋವನ್ನೋ ಕಸಿ ಮಾಡಿಸಿಕೊಂಡವರಿಗೆ ಟಿ ಕೋಶಗಳನ್ನು ಅದುಮಿಡುವ ಔಷಧಿ ಕೊಡುತ್ತಾರೆ. ಅವರಲ್ಲಿ ಕೆಲವರಿಗೆ ಇದೇ ವೈರಸ್ ಹೊತ್ತ ಬಿ ಕೋಶಗಳು ಕೇಳುವವರಿಲ್ಲದೆ ಬೆಳೆದು ಲಿಂಫೋಮಾ ಅನ್ನುವ ಕ್ಯಾನ್ಸರ್ ಆಗುತ್ತದೆ. 1990ರ ದಶಕದಲ್ಲಿ ಮೆಂಫಿಸ್‌ನಲ್ಲಿ ಕ್ಲಿಯೋನಾ ರೂನಿ, ಹೆಲೆನ್ ಹೆಸ್ಲಾಪ್ ಮತ್ತು ಜೊತೆಗಾರರು ಬೋನ್ ಮ್ಯಾರೋ ದಾನಿಗಳ ರಕ್ತದಿಂದ ಈ ವೈರಸ್ಸನ್ನೇ ಗುರಿಮಾಡುವ ಟಿ ಕೋಶಗಳನ್ನು ಬೆಳೆಸಿ, ಅಂಥ ರೋಗಿಗಳಿಗೆ ಕೊಟ್ಟು ಇದನ್ನು ತಡೆದು ತೋರಿಸಿದರು. ಅದೇ ದಾರಿಯ ಒಂದು ಔಷಧಿಗೆ ಯುರೋಪಿನಲ್ಲಿ 2022ರ ಡಿಸೆಂಬರಿನಲ್ಲಿ ಅನುಮತಿಯೂ ಸಿಕ್ಕಿದೆ, ಟಾಬೆಲೆಕ್ಲ್ಯೂಸೆಲ್ ಅಂತ ಹೆಸರು. ಅಂದರೆ ಬೇರೆಯವರಿಗೆ ಲ್ಯಾಬಿನಲ್ಲಿ ಬೆಳೆಸಿ ಕೊಡಬೇಕಾದ ಕೋಶಗಳು ನಿಮ್ಮಲ್ಲಿ ತಾವಾಗಿಯೇ ಬೆಳೆದು ನಿಂತಿವೆ.

ಅವು ಹೀಗೇ ಉಳಿಯುವುದೂ ಇಲ್ಲ. ವೈರಸ್ ಕಡಿಮೆಯಾದ ಹಾಗೆ ಈ ಸಿಡಿ8 ಕೋಶಗಳಲ್ಲಿ ಬಹುಪಾಲು ತಾವೇ ಸಾಯುತ್ತವೆ, ಜಾತ್ರೆ ಮುಗಿದ ಮೇಲೆ ಊರು ಖಾಲಿಯಾಗುವ ಹಾಗೆ. ಅದಕ್ಕೆ ವಾರಗಳು ಬೇಕು, ಅವಸರ ಮಾಡಲು ದಾರಿ ಇಲ್ಲ. ಉಳಿದ ಒಂದು ಪಾಲು ನೆನಪಿನ ಟಿ ಕೋಶಗಳಾಗಿ ಜೀವನಪೂರ್ತಿ ಇರುತ್ತವೆ. ವೈರಸ್ಸೂ ಹೋಗುವುದಿಲ್ಲ, ನೆನಪಿನ ಬಿ ಕೋಶಗಳಲ್ಲಿ ಅಡಗಿ ಕೂರುತ್ತದೆ, ಆಗಾಗ ಎಂಜಲಿನಲ್ಲಿ ತಲೆ ಹಾಕುತ್ತದೆ, ಈ ಕೋಶಗಳು ಅದನ್ನು ಅಲ್ಲಲ್ಲೇ ಹಿಡಿಯುತ್ತಿರುತ್ತವೆ. ನನಗೆ ಮತ್ತೆ ಈ ಜ್ವರ ಬಂದಿಲ್ಲ, ನಿಮಗೂ ಸಾಮಾನ್ಯವಾಗಿ ಬರುವುದಿಲ್ಲ.

ಈಗ ಕಷಾಯ. ನಾನು ಮನೆಮದ್ದಿನ ವಿರೋಧಿ ಅಲ್ಲ. ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, ಬಿಸಿ ಸಾರು ಕುಡಿಯಿರಿ, ಗಂಜಿ ಇಳಿದರೆ ಗಂಜಿ. ಆದರೆ ಅಮೃತಬಳ್ಳಿ ಈಗ ಬೇಡವೇ ಬೇಡ. ಈ ಕಾಯಿಲೆಯಲ್ಲಿ ಹೆಚ್ಚಿನವರಿಗೆ ಲಿವರ್ ಎನ್‌ಜೈಮ್‌ಗಳು ಏರಿರುತ್ತವೆ, ನಿಮ್ಮ ರಿಪೋರ್ಟಿನಲ್ಲೂ ಅಂಥ ಒಂದು ಎನ್‌ಜೈಮ್ ಆದ ಎಎಲ್‌ಟಿ ನೋಡಿ. ಅಮೃತಬಳ್ಳಿ ಸೇವಿಸಿ ಲಿವರಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ, ಅವರಲ್ಲಿ ಕಂಡಿದ್ದು ಇಮ್ಯೂನ್ ವ್ಯವಸ್ಥೆ ಕೆರಳಿ ಲಿವರನ್ನೇ ಹೊಡೆಯುವ ಥರದ ಪೆಟ್ಟು. ಮೊದಲೇ ಕೆರಳಿ ಕೂತಿರುವ ನಿಮ್ಮ ಮೈಗೆ ಅದನ್ನು ಹಾಕಬೇಡಿ. ಬಿಯರ್ ಕೂಡ ಬಿಡಿ. ಅಮ್ಮನಿಗೆ 'ಲಿವರ್ ಊದಿದೆ, ಡಾಕ್ಟರ್ ಬೇಡ ಅಂದಿದ್ದಾರೆ' ಅಂತ ಹೇಳಿ, ಒಪ್ಪುತ್ತಾರೆ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು, ಪ್ಯಾಕಿನ ಮೇಲೆ ಬರೆದ ಮಿತಿಯೊಳಗೆ. ನಿಮ್ಮ ಪ್ರಶ್ನೆಯ ಕೆಳಗೆ ಯಾರೋ ಎಸೈಕ್ಲೋವಿರ್ ಅನ್ನುವ ವೈರಸ್ ವಿರೋಧಿ ಔಷಧಿ ತೆಗೆದುಕೊಳ್ಳಿ ಅಂತ ಕಾಮೆಂಟ್ ಹಾಕಿದ್ದಾರೆ, ಅದರಿಂದ ಎಂಜಲಿನಲ್ಲಿ ವೈರಸ್ ಕಡಿಮೆಯಾಗಬಹುದು, ಕಾಯಿಲೆ ಬೇಗ ವಾಸಿ ಆಗುವುದಿಲ್ಲ. ಸ್ಟೀರಾಯ್ಡ್ ಟಾನ್ಸಿಲ್ ಊದಿ ಉಸಿರಿಗೆ ಅಡ್ಡ ಬಂದಂಥ ಸಂದರ್ಭಕ್ಕೆ, ಅದೂ ಆಸ್ಪತ್ರೆಯಲ್ಲಿ.

ಸುಸ್ತು ಜ್ವರಕ್ಕಿಂತ ಜಾಸ್ತಿ ದಿನ ಇರುತ್ತದೆ. ಆಸ್ಟ್ರೇಲಿಯಾದ ಡಬ್ಬೋ ಅನ್ನುವ ಊರಿನ ಸುತ್ತ ಈ ವೈರಸ್ ಮತ್ತು ಇನ್ನೆರಡು ಸೋಂಕು ಬಂದವರನ್ನು ಹಿಂಬಾಲಿಸಿ ನೋಡಿದಾಗ ಆರು ತಿಂಗಳ ನಂತರವೂ ಶೇ 12ರಷ್ಟು ಜನರಿಗೆ ಸುಸ್ತು ಬಿಟ್ಟಿರಲಿಲ್ಲ. ಮೊದಲು ಕಾಯಿಲೆ ಎಷ್ಟು ಜೋರಾಗಿತ್ತೋ ಅದರ ಮೇಲೆ ಇದು ನಿಂತಿತ್ತು. ಆದ್ದರಿಂದ ಯೂನಿವರ್ಸಿಟಿಗೆ ಈಗಲೇ ಮೇಲ್ ಹಾಕಿ ಅಸೈನ್‌ಮೆಂಟುಗಳಿಗೆ ಹೆಚ್ಚು ಸಮಯ ಕೇಳಿ, ಡೆಡ್‌ಲೈನ್ ಹಿಂದಿನ ದಿನ ಕೇಳಬೇಡಿ. ನಾನು ಕೇಳಿದೆ, ಕೊಟ್ಟರು.

ಮ್ಯಾಚ್ ಆಡುವ ಮಾತು ಬಿಟ್ಟುಬಿಡಿ. ಈ ಕೋಶಗಳು ಕತ್ತಿನಲ್ಲಿ ತುಂಬಿದ ಹಾಗೇ ಗುಲ್ಮದಲ್ಲೂ (ಸ್ಪ್ಲೀನ್) ತುಂಬುತ್ತವೆ. ಎಡಗಡೆ ಪಕ್ಕೆಲುಬಿನ ಕೆಳಗಿರುವ ಆ ಅಂಗ ಊದಿ ಮೆತ್ತಗಾಗಿರುವಾಗ ಯಾರದಾದರೂ ಮೊಣಕೈ ತಗುಲಿದರೆ ಒಡೆಯಬಹುದು, ಅಪರೂಪಕ್ಕೆ ಏಟು ಬೀಳದೆಯೂ ಒಡೆಯುತ್ತದೆ. ಸಾವಿರದಲ್ಲಿ ಒಂದೆರಡು ಜನರಿಗೆ ಆಗುವ ವಿಷಯವೇ, ಆದರೆ ಹಾಗೇನಾದರೂ ಆದರೆ ಒಳಗೇ ರಕ್ತ ಸುರಿಯುತ್ತದೆ. ಹೆಚ್ಚಾಗಿ ಆಗುವುದು ಮೊದಲ ಮೂರು ನಾಲ್ಕು ವಾರದಲ್ಲಿ, ನಿಮ್ಮ ಮ್ಯಾಚ್ ಇರುವುದೂ ಅದೇ ಹೊತ್ತಿಗೆ. ಜಿಪಿ ಹೊಟ್ಟೆ ಮುಟ್ಟಿ ನೋಡಿ ಸರಿ ಅನ್ನುವವರೆಗೆ ಫುಟ್‌ಬಾಲ್ ಬೇಡ, ಜಿಮ್ಮಿನಲ್ಲಿ ಭಾರ ಎತ್ತುವುದೂ ಬೇಡ. ಎಡಗಡೆ ಹೊಟ್ಟೆಯ ಮೇಲ್ಭಾಗದಲ್ಲೋ ಎಡ ಭುಜದಲ್ಲೋ ಇದ್ದಕ್ಕಿದ್ದಂತೆ ಚುಚ್ಚಿದ ಹಾಗೆ ನೋವು ಬಂದರೆ, ಉಸಿರಾಡಲು ಕಷ್ಟವಾದರೆ, ನೀರೂ ನುಂಗಲಾಗದಿದ್ದರೆ ಅಪಾಯಿಂಟ್‌ಮೆಂಟ್ ಅಂತ ಕಾಯದೆ ಬ್ರಿಟನ್ನಿನ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ಮನೆಯಲ್ಲಿ ಜೊತೆಗಿರುವವರಿಗೂ ಇದನ್ನು ಇವತ್ತೇ ಹೇಳಿಡಿ. ಹಾಗೇ ಆ ಮಾತ್ರೆ ಡಬ್ಬ ತೆರೆದು, ಅಮಾಕ್ಸಿಸಿಲಿನ್ ಸ್ಟ್ರಿಪ್ ಇದ್ದರೆ ಹತ್ತಿರದ ಫಾರ್ಮಸಿಗೆ ವಾಪಸ್ ಕೊಟ್ಟು ಬನ್ನಿ, ಅಲ್ಲಿ ಬೇಡದ ಔಷಧಿ ತೆಗೆದುಕೊಳ್ಳುತ್ತಾರೆ.